ಮಜನೂವಿನ ಲೈಲಾ ಅಲ್ಲ, ಇನ್ನೊಬ್ಬ ಲೈಲಾ

ಲೈಲಾ ಎಂದ ಕೂಡಲೇ ನಮ್ಮ ಬಾಯಿಗೆ ಬರುವುದು ಮಜನೂ ಹೆಸರು. ಆದರೆ ಅರಬಿ ಸಾಹಿತ್ಯ ಬಲ್ಲವರಿಗೆ ಇನ್ನೊಬ್ಬ ಲೈಲಾ ಗೊತ್ತು. ಏಳನೇ ಶತಮಾನದ ಲೈಲಾ ಅಲ್-ಅಖ್ಯಲಿಯಾ. ಮಜನೂವಿನ ಲೈಲಾ ಕವಿತೆಯೊಳಗಿನ ಪ್ರೇಯಸಿ; ಈಕೆ ಸ್ವತಃ ಕವಿ.

ಬನೂ ಉಖೈಲ್ ಬುಡಕಟ್ಟಿನ ಪ್ರತಿಷ್ಠಿತ ಮನೆತನದ ಹೆಣ್ಣುಮಗಳು ಲೈಲಾ. ಅದೇ ಬುಡಕಟ್ಟಿನ ತೌಬಾ ಇಬ್ನ್ ಅಲ್-ಹುಮಯ್ಯಿರ್ ಕವಿಯೂ ಹೌದು, ದಾಳಿಕೋರನೂ ಹೌದು. ಬೇರೆ ಬುಡಕಟ್ಟುಗಳ ಮೇಲೆ ಬಿದ್ದು ದೋಚುವುದೇ ಅವನ ಬದುಕು. ಅವನು ಲೈಲಾಳ ಹೆಸರು ಹಿಡಿದು ಪ್ರೇಮಗೀತೆ ಕಟ್ಟಿದ. ಹಾಗೆ ಹಾಡಿದವನಿಗೇ ಮಗಳನ್ನು ಕೊಡುವುದು ಅಂದಿನ ಅರಬರಲ್ಲಿ ಮರ್ಯಾದೆಗೇಡು. ತಂದೆ ಒಪ್ಪಲಿಲ್ಲ, ಬೇರೊಬ್ಬನಿಗೆ ಮದುವೆ ಮಾಡಿಕೊಟ್ಟ.

ತೌಬಾ ಬರುವುದನ್ನು ಬಿಡಲಿಲ್ಲ. ಮುಂದಿನದ್ದನ್ನು ಹತ್ತನೇ ಶತಮಾನದ ‘ಕಿತಾಬುಲ್ ಅಘಾನಿ’ ಹೀಗೆ ಹೇಳುತ್ತದೆ: ಮನೆಯವರು ಆಡಳಿತದವರ ಬಳಿ ದೂರಿಟ್ಟರು, ಮತ್ತೆ ಬಂದರೆ ಅವನನ್ನು ಕೊಲ್ಲಲು ಅನುಮತಿಯೂ ಸಿಕ್ಕಿತು. ಅವನು ಬರುವ ದಾರಿಯಲ್ಲಿ ಹೊಂಚು ಹಾಕಿ ಕೂತರು. ಯಾವಾಗಲೂ ಮುಖಪರದೆ ಹಾಕಿಕೊಂಡು ಅವನನ್ನು ಕಾಣುತ್ತಿದ್ದ ಲೈಲಾ, ಆ ದಿನ ಪರದೆ ತೆಗೆದು ಎದುರಿಗೆ ನಿಂತಳು. ಏನೋ ಅಪಾಯವಿದೆ ಎಂದು ತೌಬಾನಿಗೆ ತಕ್ಷಣ ಹೊಳೆಯಿತು. ಕುದುರೆ ತಿರುಗಿಸಿ ಪಾರಾದ.

ಕೊನೆಗೆ ಬುಡಕಟ್ಟಿನ ಒಳಜಗಳದಲ್ಲೇ ತೌಬಾ ಸತ್ತ. ಲೈಲಾ ಅವನಿಗಾಗಿ ಶೋಕಗೀತೆಗಳನ್ನು ಕಟ್ಟಿದಳು. ಅರಬಿ ಹೆಣ್ಣುಮಕ್ಕಳು ಶೋಕಗೀತೆ ಹಾಡುವುದು ಹೊಸದೇನಲ್ಲ. ಅವಳಿಗಿಂತ ಮೊದಲು ಅಲ್-ಖನ್ಸಾ ತನ್ನ ಅಣ್ಣತಮ್ಮಂದಿರಿಗಾಗಿ ಹಾಡಿ ಹೆಸರಾಗಿದ್ದಳು. ಆದರೆ ಲೈಲಾ ಅತ್ತದ್ದು ಅಣ್ಣನಿಗಲ್ಲ, ಗಂಡನಿಗೂ ಅಲ್ಲ. ತನಗೆ ಕೊಡಲೊಪ್ಪದ ಒಬ್ಬ ದಾಳಿಕೋರನಿಗೆ. ಅದೂ ಎಲ್ಲರ ಮುಂದೆ.

ಆಗ ಸಮಾಜ ಅವಳ ಬಾಯಿ ಮುಚ್ಚಿಸಿತೇ? ಇಲ್ಲ. ಇರಾಕಿನ ಕಠೋರ ಗವರ್ನರ್ ಹಜ್ಜಾಜ್ ಇಬ್ನ್ ಯೂಸುಫ್ ಕೂಡ ಅವಳ ಕವಿತೆಗೆ ಕಿವಿಗೊಟ್ಟ. ಖಲೀಫಾ ಅಬ್ದುಲ್ ಮಲಿಕ್ (ಆಳ್ವಿಕೆ 685–705) ಮುದಿಯಾಗಿದ್ದ ಅವಳನ್ನು ನೋಡಿ, ತೌಬಾ ನಿನ್ನಲ್ಲಿ ಏನು ಕಂಡು ಪ್ರೀತಿಸಿದನೋ ಎಂದು ಕೆಣಕಿದನಂತೆ. ನಿಮ್ಮನ್ನು ಖಲೀಫಾ ಮಾಡಿದಾಗ ಜನ ನಿಮ್ಮಲ್ಲಿ ಏನು ಕಂಡರೋ ಅದನ್ನೇ ಎಂದಳಂತೆ ಲೈಲಾ. ಖಲೀಫಾ ನಕ್ಕುಬಿಟ್ಟನಂತೆ.

ಈ ದಂತಕಥೆಗಳನ್ನೆಲ್ಲ ಅಕ್ಷರಶಃ ನಂಬಬೇಕಿಲ್ಲ. ಆದರೆ ನಮ್ಮ ಹಿಂದಿನ ವಿದ್ವಾಂಸರು ಇವನ್ನು ನಾಚಿಕೆಪಟ್ಟು ಅಳಿಸಲಿಲ್ಲ, ಜೋಪಾನವಾಗಿ ಬರೆದಿಟ್ಟರು. ಮುಸ್ಲಿಂ ಹೆಣ್ಣಿನ ಇತಿಹಾಸ ಎಂದರೆ ಬರೀ ಮೌನ ಎನ್ನುವ ಹೊರಗಿನವರೂ, ಅವಳು ಮೌನವಾಗಿಯೇ ಇರಬೇಕು ಎನ್ನುವ ನಮ್ಮವರೂ ಇದನ್ನೊಮ್ಮೆ ಓದಬೇಕು. ಮದುವೆಯ ವಿಷಯದಲ್ಲಿ ಲೈಲಾಳ ಮಾತು ನಡೆಯಲಿಲ್ಲ, ನಿಜ. ಆದರೆ ತೌಬಾನ ಹೆಸರು ಇವತ್ತಿಗೂ ಉಳಿದಿರುವುದರಲ್ಲಿ ಅವಳ ಮಾತಿನ ಪಾಲು ದೊಡ್ಡದು.