ಕಪ್ಪದ ಡೈಲಾಗು, ದತ್ತಕದ ಜಗಳ

ನಮ್ಮ ಅಕ್ಕನ ಮಗಳು ಹೋದ ವರ್ಷ ಶಾಲೆಯ ಫ್ಯಾನ್ಸಿ ಡ್ರೆಸ್ಸಿಗೆ ಚೆನ್ನಮ್ಮ ಆಗಿದ್ದಳು. ಇಳಕಲ್ ಸೀರೆ, ರಟ್ಟಿನ ಕತ್ತಿ, ಹಣೆ ತುಂಬ ವಿಭೂತಿ. ಕಪ್ಪ ಯಾಕೆ ಕೊಡಬೇಕು ಅಂತ ಬಿಳಿಯನನ್ನು ಗದರಿಸುವ ಆ ಡೈಲಾಗು ಇದೆಯಲ್ಲ, ಅದನ್ನ ಒಂದೇ ಉಸಿರಿಗೆ ಹೇಳಿದಳು. ನಾನು ಮೊಬೈಲಿನಲ್ಲಿ ನಲವತ್ತು ಸೆಕೆಂಡು ಹಿಡಿದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೂರನೇ ದಿನ ಅದೇ ವಿಡಿಯೋ ದುಬೈನಲ್ಲಿರೋ ಕಾಲೇಜು ಗೆಳೆಯನಿಂದ ನನಗೇ ವಾಪಸ್ ಬಂತು, "ನೋಡಲೇ, ನಿಮ್ಮೂರ ಕಡೆ ಹುಡುಗಿ" ಅಂತ! :)

ಅದೇ ವಾರ ಬೈಲಹೊಂಗಲದ ಚೆನ್ನಮ್ಮನ ಸಮಾಧಿ ಹತ್ತಿರ ನಿಂತು ಆರು ನಿಮಿಷದ ಇನ್ನೊಂದು ವಿಡಿಯೋ ಮಾಡಿದ್ದೆ. ಇಸವಿ, ಹೆಸರು ಎಲ್ಲ ಹಾಕಿ ಕಷ್ಟಪಟ್ಟು ಎಡಿಟ್ ಮಾಡಿದ್ದು. ನೋಡಿದವರು 31 ಜನ. ಅದರಲ್ಲಿ ನಾಲ್ಕು ಸಲ ನಾನೇ.

ಸ್ವಲ್ಪ ಹೊಟ್ಟೆಕಿಚ್ಚಾಯ್ತು, ಸುಳ್ಳು ಯಾಕೆ ಹೇಳಲಿ. ಆಫೀಸಿನಲ್ಲಿ ಅವಳ ವಿಡಿಯೋ ತೋರಿಸಿದಾಗ ಮಧುರೈ ಕಡೆಯ ಗೆಳೆಯನೊಬ್ಬ "ಇದು ನಮ್ಮ ಕಟ್ಟಬೊಮ್ಮನ್ ಅಲ್ವಾ?" ಅಂದ. ಜಗಳಕ್ಕೆ ಹೋಗುವ ಮೊದಲು ಹುಡುಕಿ ನೋಡಿದೆ. ಬಿ.ಆರ್. ಪಂತುಲು 1959ರಲ್ಲಿ ಶಿವಾಜಿ ಗಣೇಶನ್ ಅವರನ್ನು ಹಾಕಿಕೊಂಡು ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿದರು. ಅಲ್ಲಿಯೂ ಬಿಳಿಯನ ಎದುರು ನಿಂತು ತೆರಿಗೆ ಯಾಕೆ ಅಂತ ಕೇಳುವ ದೊಡ್ಡ ಮಾತಿದೆ. ಅದೇ ಪಂತುಲು 1961ರಲ್ಲಿ ಬಿ. ಸರೋಜಾದೇವಿಯವರ 'ಕಿತ್ತೂರು ಚೆನ್ನಮ್ಮ' ಮಾಡಿದರು. ನಮ್ಮ ಮಕ್ಕಳ ಬಾಯಲ್ಲಿರುವ ಚೆನ್ನಮ್ಮ ಆ ಸಿನಿಮಾದವಳು. ಸರೋಜಾದೇವಿ 2025ರ ಜುಲೈನಲ್ಲಿ ತೀರಿಕೊಂಡಾಗಲೂ ನನ್ನ ಫೋನಿಗೆ ಬಂದಿದ್ದು ಅದೇ ತುಣುಕು, ಒಂದೇ ದಿನ ಒಂಬತ್ತು ಸಲ.

ತಮಾಷೆ ಏನಂದರೆ, 1824ರ ಜಗಳ ಮುಖ್ಯವಾಗಿ ಕಪ್ಪದ್ದಲ್ಲ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಕಿತ್ತೂರು ಕಂಪನಿಗೆ ಕಪ್ಪ ಕೊಡುತ್ತಲೇ ಇತ್ತು. ಜಗಳ ಎದ್ದದ್ದು ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ. ದತ್ತು ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಸೀಲು ಹಾಕಿ ಕಾವಲು ಕೂರಿಸಿದ. (ಇದನ್ನು ಡಾಲ್‌ಹೌಸಿಯ ಕಾನೂನು ಅಂತ ಬರೆಯುವವರಿದ್ದಾರೆ. ಆತ ಗವರ್ನರ್ ಜನರಲ್ ಆಗಿ ಬಂದಿದ್ದೇ 1848ರಲ್ಲಿ!) ಅಕ್ಟೋಬರ್ 23ಕ್ಕೆ ಥ್ಯಾಕರೆ ಸತ್ತ. ಎಲಿಯಟ್, ಸ್ಟೀವನ್‌ಸನ್ ಅಂತ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರ್ ಮೊದಲ ವಾರ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ನಾಲ್ಕು ವರ್ಷ ಕಳೆದು 1829ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡಳು.

ದತ್ತಕ, ವಾರಸುದಾರಿಕೆ, ಖಜಾನೆಯ ಸೀಲು... ಇದನ್ನು ನಲವತ್ತು ಸೆಕೆಂಡಿನಲ್ಲಿ ಯಾರು ಕೂಗಿ ಹೇಳುತ್ತಾರೆ? ಕಪ್ಪ ಅಂದರೆ ಕೂಡಲೇ ತಲೆಗೆ ಹೋಗುತ್ತೆ, ನಾವೆಲ್ಲ ತೆರಿಗೆ ಕಟ್ಟೋರೇ ಅಲ್ವಾ :)

ವಿಡಿಯೋ ಬರುವ ಮುಂಚೆ ನಮ್ಮ ಕಡೆ ಈ ಕೆಲಸ ಮಾಡಿದ್ದು ಲಾವಣಿ, ಗೀಗೀ ಪದ. ಒಬ್ಬ ಹಾಡಿದ್ದನ್ನು ಇನ್ನೊಬ್ಬ ಕಲಿತು ಮುಂದಿನ ಊರಿಗೆ ಒಯ್ಯುತ್ತಿದ್ದ, ಬೇಡದ್ದು ಬಿಡುತ್ತಿದ್ದ, ಬೇಕಾದ್ದು ಸೇರಿಸುತ್ತಿದ್ದ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಬಂಡಾಯದ ಲಾವಣಿ ಅರ್ಧ ಶತಮಾನ ಬಾಯಿಂದ ಬಾಯಿಗೆ ಓಡಾಡಿ, 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚಾಯಿತು. ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿಯೇ, ಜೆ.ಎಫ್. ಫ್ಲೀಟ್. ಬೈಲಹೊಂಗಲದ ಸಂಗ್ಯಾನ ಕೊಲೆಯ ಲಾವಣಿಯನ್ನೂ ಅವನು ಬಿಡಲಿಲ್ಲ. ಆ ಕಥೆ 'ಸಂಗ್ಯಾ ಬಾಳ್ಯಾ' ಅಂತ ಸಣ್ಣಾಟವಾಗಿ, 1992ರಲ್ಲಿ ಸಿನಿಮಾ ಕೂಡ ಆಯ್ತು. ಇನ್ನೊಂದು ಮಾತು: ಕಿತ್ತೂರಿನಲ್ಲಿ ಸೆರೆಯಾಗಿದ್ದ ಎಲಿಯಟ್ಟೇ ಮುಂದೆ ಕನ್ನಡ ನಾಡಿನ ಶಾಸನಗಳ ಪ್ರತಿ ಮಾಡಿಸಿ ಕೂಡಿಟ್ಟವನು. ಫ್ಲೀಟ್ ಆ ಪ್ರತಿಗಳನ್ನು ಬಳಸಿಕೊಂಡ. ಇದರ ಬಗ್ಗೆ ಯಾವತ್ತಾದರೂ ಬೇರೆಯೇ ಬರೆಯಬೇಕು.

ದೀಪಾವಳಿಗೆ ಊರಿಗೆ ಹೋದಾಗ ಆ ಪುಟ್ಟಿಯನ್ನು ಸಮಾಧಿ ಹತ್ತಿರ ಕರೆದುಕೊಂಡು ಹೋಗಿದ್ದೆ.

"ಮಾಮಾ, ಚೆನ್ನಮ್ಮ ಯುದ್ಧದಾಗ ಸತ್ತಳೇನು?"

"ಇಲ್ಲ, ಇದೇ ಊರಾಗ. ಸೆರಿಯೊಳಗ. ನಾಕು ವರ್ಷ ಇಟ್ಟಿದ್ರು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮತ್ತ ಅದನ್ನ ನನ್ನ ಡೈಲಾಗಿನಾಗ ಯಾಕ ಹಾಕಲಿಲ್ಲ?"

ಡೈಲಾಗು ಬರೆದುಕೊಟ್ಟವನು ನಾನೇ. ಆರು ನಿಮಿಷದ ವಿಡಿಯೋ ತೆಗೆದುಹಾಕಿದ್ದೇನೆ. ಡಿಸೆಂಬರಿನಲ್ಲಿ ಮತ್ತೆ ಹೋಗ್ತಾ ಇದೀನಿ. ಈ ಸಲ ಒಂದೇ ನಿಮಿಷ, ಅವಳೇ ಮಾತಾಡ್ತಾಳಂತೆ.