ಮುಸುರೆ ನೀರು, ಜಂಬಿಟ್ಟಿಗೆ, ಎರೆಮಣ್ಣು: ಬೀದರ್ ಸೀಮೆಯ ಖಾನಾವಳಿಗಳಲ್ಲಿ ಜಿಡ್ಡಿನ ನಿರ್ವಹಣೆ

ಹೋಟೆಲಿನ ಜಿಡ್ಡು ಚರಂಡಿ ಕಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಹೋಗಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ ಕೆಳಗಿನ ನೆಲ ನಿರ್ಧರಿಸುತ್ತದೆ. ಬೀದರ್ ನಗರ ಕುಳಿತಿರುವುದು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಭಾಲ್ಕಿ, ಔರಾದ್ ಕಡೆ ಬಹುಪಾಲು ಎರೆಭೂಮಿ.

ಜಂಬಿಟ್ಟಿಗೆ ನೀರನ್ನು ತನ್ನ ರಂಧ್ರ, ಬಿರುಕುಗಳಲ್ಲಿ ದಾಟಿಸುತ್ತದೆ. 15ನೆಯ ಶತಮಾನದ ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿಯನ್ನು ಕೊರೆದವರು ಈ ಗುಣವನ್ನೇ ನೆಚ್ಚಿದ್ದರು. ಬೀದರಿನ ನಾನಕ್ ಝೀರಾ ಗುರುದ್ವಾರದ ಸೆಲೆ ಒಸರುವುದೂ ಇದೇ ಕಲ್ಲಿನಿಂದ. ಇಂಥ ನೆಲದಲ್ಲಿ ಮುಸುರೆ ನೀರನ್ನು ಬರಿ ಗುಂಡಿಗೆ ಬಿಟ್ಟರೆ ಅದು ಬಾವಿ ಸೇರಲು ಹೆಚ್ಚು ದೂರ ಹೋಗಬೇಕಿಲ್ಲ.

ಭಾಲ್ಕಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಖಟಕ ಚಿಂಚೋಳಿಯಂಥ ಊರುಗಳ ಕಷ್ಟ ಬೇರೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ನಿಧಾನವಾಗಿ ಇಂಗಿಸುತ್ತದೆ. ಅದರ ಮೇಲೆ ಎಣ್ಣೆಯ ಪದರ ಕೂತರೆ ಇಂಗುಗುಂಡಿ ಬೇಗ ಕೆಲಸ ನಿಲ್ಲಿಸುತ್ತದೆ. ಮನೆಯ ಬಚ್ಚಲ ನೀರಿಗೆಂದು ರೂಪಿಸಿದ ಗುಂಡಿ ಮಿರ್ಚಿ ಭಜಿ, ಪೂರಿ ಕರಿಯುವ ಅಂಗಡಿಯ ಜಿಡ್ಡನ್ನು ತಾಳಲಾರದು. ಆದ್ದರಿಂದ ಗುಂಡಿಗಿಂತ ಮೊದಲು ಜಿಡ್ಡು ಹಿಡಿಯುವ ತೊಟ್ಟಿ, ಅಂದರೆ ಗ್ರೀಸ್ ಟ್ರ್ಯಾಪ್, ಇರಲೇಬೇಕು.

ಅದರ ತತ್ತ್ವ ಸರಳ. ನೀರಿನ ಓಟ ತಗ್ಗಿಸಿ ತಣ್ಣಗಾಗಲು ಬಿಟ್ಟರೆ ಎಣ್ಣೆ ಮೇಲೆ ತೇಲುತ್ತದೆ, ಅಗುಳು ಕೆಳಗಿಳಿಯುತ್ತದೆ, ನಡುವಿನ ನೀರು ಹೊರಬೀಳುತ್ತದೆ. ನಿಮಿಷಕ್ಕೆ 10 ಲೀಟರ್ ಸುರಿಯುವ ಒಂದು ನಲ್ಲಿಯ ನೀರನ್ನು ಅರ್ಧ ಗಂಟೆ ನಿಲ್ಲಿಸಲು 300 ಲೀಟರಿನ ತೊಟ್ಟಿ ಸಾಕು. ಸಣ್ಣ ಖಾನಾವಳಿಯೂ ಇಟ್ಟಿಗೆಯಲ್ಲಿ ಇದನ್ನು ಕಟ್ಟಿಸಬಹುದು.

ಕಟ್ಟಿಸಿದ ಮೇಲಿನ ಆರೈಕೆಯೇ ನಿಜವಾದ ಕೆಲಸ. ತೇಲುವ ಜಿಡ್ಡು ಮತ್ತು ತಳದ ಕೆಸರು ಸೇರಿ ನೀರಿನ ಆಳದ ಕಾಲು ಭಾಗ ತುಂಬಿದರೆ ಬಳಿಯಬೇಕು ಎಂಬುದು ಹಲವು ದೇಶಗಳಲ್ಲಿ ರೂಢಿಯಲ್ಲಿರುವ ಅಳತೆ: 60 ಸೆಂ.ಮೀ. ಆಳಕ್ಕೆ 15 ಸೆಂ.ಮೀ. ಕುದಿನೀರು, ಸೋಪು ಸುರಿದು ತೊಟ್ಟಿ ತೊಳೆಯುವುದು ಕೆಲವರ ಉಪಾಯ. ಅದರಿಂದ ಜಿಡ್ಡು ಕರಗಿದಂತೆ ಕಂಡರೂ ಮುಂದಿನ ಕೊಳವೆಯಲ್ಲಿ ತಣಿದು ಮತ್ತೆ ಗಟ್ಟಿಯಾಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ ಸಿಕ್ಕ 250 ಮೀಟರ್ ಉದ್ದದ, 130 ಟನ್ ತೂಕದ ಗಡ್ಡೆ ಕೊಬ್ಬು ಮತ್ತು ಬಟ್ಟೆಯಂಥ ಕಸ ಸೇರಿ ಬೆಳೆದದ್ದು.

ಕಾನೂನಿನ ಲೆಕ್ಕ ನೋಡಿದರೆ ಗಾಬರಿಯಾಗುತ್ತದೆ. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ಮೀರಬಾರದು. ಒಂದು ಲೀಟರ್ ಎಣ್ಣೆ ಸುಮಾರು 920 ಗ್ರಾಂ ತೂಗುತ್ತದೆ. ಅದನ್ನು ಆ ಮಿತಿಗೆ ಇಳಿಸಲು 46,000 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವ ಸೀಮೆಯಲ್ಲಿ ಇಷ್ಟು ನೀರು ಎಲ್ಲಿಂದ ತರುವುದು?

ಹೀಗಾಗಿ ಕರಿದ ಎಣ್ಣೆ ತೊಟ್ಟಿಗೆ ಬೀಳಲೇಬಾರದು. ಬಾಣಲೆ, ತಟ್ಟೆಗಳನ್ನು ಒರೆಸಿ ತೊಳೆಯಬೇಕು. ಉಳಿದ ಎಣ್ಣೆಯನ್ನು ಬೇರೆ ಡಬ್ಬಿಯಲ್ಲಿ ಕೂಡಿಡಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಆರಂಭಿಸಿದ ‘ರೂಕೋ’ ಯೋಜನೆ ಇಂಥ ಎಣ್ಣೆಯನ್ನು ಜೈವಿಕ ಡೀಸೆಲ್‌ಗೆ ಒದಗಿಸುತ್ತದೆ. ಆದರೆ ಅದರ ಲೆಕ್ಕ ಇಡುವ ಕಡ್ಡಾಯ ಇರುವುದು ದಿನಕ್ಕೆ 50 ಲೀಟರ್ ಮೀರಿ ಎಣ್ಣೆ ಬಳಸುವವರಿಗೆ. 2016ರ ಘನತ್ಯಾಜ್ಯ ನಿಯಮಗಳೂ ದಿನಕ್ಕೆ 100 ಕಿಲೋ ಮೀರಿ ಕಸ ಹಾಕುವವರನ್ನೇ ದೊಡ್ಡ ಉತ್ಪಾದಕರೆಂದು ಗುರುತಿಸಿದವು. ಬಸ್ ನಿಲ್ದಾಣದ ಪಕ್ಕದ ಭಜಿ ಅಂಗಡಿ ಈ ಎರಡೂ ಮಿತಿಗಳ ಕೆಳಗೇ ಉಳಿಯುತ್ತದೆ. ಅಂಥ ಹತ್ತಾರು ಅಂಗಡಿಗಳ ಜಿಡ್ಡು ಒಂದೇ ಚರಂಡಿಗೆ ಇಳಿಯುವುದನ್ನು ಯಾವ ಮಿತಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಬಿಟ್ಟುಹೋದ ಜಾಗವನ್ನು ಗ್ರಾಮ ಪಂಚಾಯಿತಿಯೇ ತುಂಬಬೇಕು. ರಾಜ್ಯದ ಹಲವೆಡೆ ಮಹಿಳಾ ಸ್ವಸಹಾಯ ಸಂಘಗಳು ಕಸದ ವಾಹನ ನಡೆಸುತ್ತಿವೆ. ಆ ವಾಹನದಲ್ಲಿ ಮುಚ್ಚಳದ ಎರಡು ಡ್ರಮ್ ಇಟ್ಟರೆ ಕರಿದ ಎಣ್ಣೆ, ತೊಟ್ಟಿಯ ಜಿಡ್ಡು ಬೇರೆ ಬೇರೆಯಾಗಿ ಸಂಗ್ರಹವಾಗುತ್ತವೆ. ತೊಟ್ಟಿಯ ಜಿಡ್ಡನ್ನು ಸ್ವಲ್ಪಸ್ವಲ್ಪವಾಗಿ ಸಗಣಿಯೊಡನೆ ಗೋಬರ್ ಗ್ಯಾಸ್ ಘಟಕಕ್ಕೆ ಹಾಕಬಹುದು, ಅತಿಯಾದರೆ ಘಟಕ ಕೆಡುತ್ತದೆ.

ಕೊಳೆತ ಜಿಡ್ಡಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಮುಚ್ಚಿದ ಗುಂಡಿಯಲ್ಲಿ ಪ್ರಾಣ ತೆಗೆಯಬಲ್ಲದು. ಸುರಕ್ಷತೆಯಿಲ್ಲದೆ ಮನುಷ್ಯರನ್ನು ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಅದಕ್ಕೇ ಖಾನಾವಳಿಯ ತೊಟ್ಟಿ ಹೆಚ್ಚು ಆಳವಾಗದಂತೆ, ಅಗಲವಾಗಿ, ಪೂರ್ತಿ ತೆರೆಯುವ ಮುಚ್ಚಳದೊಡನೆ ಇರಬೇಕು; ಹೊರಗೆ ನಿಂತೇ ಉದ್ದ ಹಿಡಿಯ ಸೌಟಿನಿಂದ ಬಳಿಯುವಂತಿರಬೇಕು.