ರಾಮನಗರದಲ್ಲಿ ರಾಮನನ್ನು ಆರಿಸುವ ಬಗೆ

ಕಾಶಿಗೆ ಹೋದ ಕನ್ನಡಿಗರು ಸಾಮಾನ್ಯವಾಗಿ ಗಂಗೆಯಲ್ಲಿ ಮುಳುಗಿ, ವಿಶ್ವನಾಥನ ದರ್ಶನ ಮಾಡಿ, ಅನ್ನಪೂರ್ಣೆಗೆ ಕೈಮುಗಿದು, ಜೇಬಿನಲ್ಲಿ ಉಳಿದದ್ದನ್ನು ಬನಾರಸಿ ಸೀರೆಯ ಅಂಗಡಿಯಲ್ಲಿ ಮುಗಿಸಿ ಹಿಂತಿರುಗುತ್ತಾರೆ. ನದಿಯ ಆಚೆ ದಡದ ರಾಮನಗರಕ್ಕೆ ಹೋಗುವವರು ಕಡಿಮೆ. (ಬೆಂಗಳೂರಿನ ಬಳಿಯ ನಮ್ಮ ರಾಮನಗರವಲ್ಲ, ಇದು ಕಾಶೀ ಮಹಾರಾಜರ ಊರು.) 2023ರ ಶರದೃತುವಿನಲ್ಲಿ ಕಛೇರಿಯ ಕೆಲಸದ ಮೇಲೆ ನಾನು ವಾರಾಣಸಿಯಲ್ಲಿ ಎಂಟು ದಿನ ಇರಬೇಕಾಯಿತು. ಹಗಲೆಲ್ಲ ಕಡತಗಳು. ಸಂಜೆ ಗೋದೌಲಿಯಾ ಸಮೀಪದ ಜಂಗಮವಾಡಿ ಮಠದ ಕಡೆ ಹೋದರೆ ಎರಡು ಮಾತು ಕನ್ನಡ ಕಿವಿಗೆ ಬೀಳುತ್ತಿತ್ತು. ಅಲ್ಲಿಗೆ ಬಂದಿದ್ದ ಯಾತ್ರಿಕರೊಬ್ಬರು, “ನೀವು ತಾಳಮದ್ದಳೆಯವರು ಅಂತೀರಿ, ರಾಮನಗರದ ಲೀಲೆ ನೋಡದೆ ಹೋಗಬೇಡಿ” ಎಂದರು. ಮೂರು ಸಂಜೆ ಹೋದೆ. ಆ ಮೂರು ಸಂಜೆಗಳಿಂದಾಗಿ ಈ ಲೇಖನ.

ನಾನು ತಾಳಮದ್ದಳೆಯವನು ಎಂಬ ಮಾತು ಆಗಲೇ ಅರ್ಧ ಸುಳ್ಳಾಗಿತ್ತು. ನಮ್ಮ ಸಂಘದ ಕೂಟದಲ್ಲಿ ಒಂದು ಕಾಲಕ್ಕೆ ಒಂಬತ್ತು ಮಂದಿ ಅರ್ಥಧಾರಿಗಳಿದ್ದರು. ಕೆಲವರು ನಿವೃತ್ತರಾಗಿ ಊರಿಗೆ ಹೋದರು, ಕೆಲವರು ತೀರಿಕೊಂಡರು. ವಾಲಿಯ ಅರ್ಥಕ್ಕೆ ಪ್ರಸಿದ್ಧರಾಗಿದ್ದ ಹಿರಿಯರು ಹೋದ ಮೇಲೆ ವಾಲಿವಧೆಯ ಪ್ರಸಂಗವನ್ನೇ ನಾವು ಎತ್ತಿಕೊಂಡಿಲ್ಲ. ಇರುವ ನಾಲ್ವರಲ್ಲಿ ಇಬ್ಬರಿಗೆ ಮೊಣಕಾಲು ನೋವು. ನೆಲದ ಮೇಲೆ ಕೂರಲಾರರು. ಹೊಸಬರು ಯಾಕೆ ಬರುವುದಿಲ್ಲ ಎಂದು ಪ್ರತಿ ವಾರ್ಷಿಕ ಸಭೆಯಲ್ಲಿ ಚರ್ಚೆಯಾಗುತ್ತದೆ, ದೂರದರ್ಶನದ ಮೇಲೋ ಮೊಬೈಲಿನ ಮೇಲೋ ತಪ್ಪು ಹೊರಿಸಿ ಕಾಫಿಗೆ ಏಳುತ್ತೇವೆ.

ರಾಮನಗರಕ್ಕೆ ಈ ಚರ್ಚೆಯೇ ಬೇಕಾಗಿಲ್ಲ. ಅಲ್ಲಿ ಮುಖ್ಯ ಪಾತ್ರಧಾರಿಗಳು ಕೆಲವೇ ವರ್ಷಗಳಲ್ಲಿ ಬದಲಾಗಲೇಬೇಕು.

ಈ ರಾಮಲೀಲೆಯನ್ನು ಈಗಿನ ಕ್ರಮಕ್ಕೆ ತಂದವರು ಹತ್ತೊಂಬತ್ತನೆಯ ಶತಮಾನದ ಕಾಶೀ ರಾಜರು. 1795ರಿಂದ 1835ರವರೆಗೆ ಆಳಿದ ಉದಿತ ನಾರಾಯಣ ಸಿಂಹರ ಕಾಲದಲ್ಲಿ ಬೇರೂರಿತು. ಅವರ ನಂತರ 1889ರವರೆಗೆ ಗಾದಿಯಲ್ಲಿದ್ದ ಈಶ್ವರೀ ಪ್ರಸಾದ ನಾರಾಯಣ ಸಿಂಹರು ಅದನ್ನು ವಿಸ್ತರಿಸಿದರು. ಅನಂತ ಚತುರ್ದಶಿಯಂದು ಆರಂಭವಾಗಿ ಸುಮಾರು ಒಂದು ತಿಂಗಳು ನಡೆಯುತ್ತದೆ. ಇದಕ್ಕೆ ಒಂದೇ ರಂಗಮಂಟಪವೆಂಬುದಿಲ್ಲ. ಊರಿನಲ್ಲೂ ಸುತ್ತಲ ಹೊಲ ತೋಪುಗಳಲ್ಲೂ ಅಯೋಧ್ಯೆ, ಜನಕಪುರ, ಚಿತ್ರಕೂಟ, ಪಂಚವಟಿ, ಲಂಕೆ ಎಂದು ಹೆಸರಾದ ಸ್ಥಳಗಳಿವೆ. ರಾಮ ಕಾಡಿಗೆ ಹೊರಟರೆ ಪ್ರೇಕ್ಷಕರೂ ಹಿಂದೆ ನಡೆಯಬೇಕು. ಮಹಾರಾಜರು ಆನೆಯ ಮೇಲೆ ಕುಳಿತು ಜನಸ್ತೋಮದ ಹಿಂಬದಿಯಿಂದ ನೋಡುತ್ತಾರೆ. ಧ್ವನಿವರ್ಧಕವಿಲ್ಲ, ವಿದ್ಯುದ್ದೀಪವಿಲ್ಲ, ಪಂಜು ಮತ್ತು ಪೆಟ್ರೋಮ್ಯಾಕ್ಸ್. ದಿನವೂ ತಪ್ಪದೆ ಬರುವ ‘ನೇಮಿ’ಗಳೆಂಬ ವ್ರತಸ್ಥ ಪ್ರೇಕ್ಷಕರು ತುಳಸೀದಾಸರ ರಾಮಚರಿತಮಾನಸವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಸಣ್ಣ ಬೆಳಕಿನಲ್ಲಿ ಸಾಲಿಗೆ ಸಾಲು ಅನುಸರಿಸುವುದನ್ನು ನೋಡಿದೆ. ಒಂದು ಅಕ್ಷರ ತಪ್ಪಿದರೂ ಅವರಿಗೆ ಗೊತ್ತಾಗುತ್ತದೆ.

ಮೊದಲ ಸಂಜೆಯೇ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಹನ್ನೆರಡು ಮಂದಿ ‘ರಾಮಾಯಣಿ’ಗಳು ಒಂದೆಡೆ ಕುಳಿತು ಮಾನಸದ ಚೌಪಾಯಿಗಳನ್ನು ಹಾಡುತ್ತಾರೆ. ಹಾಡು ನಿಲ್ಲುತ್ತದೆ. ವ್ಯಾಸ ಎಂದು ಕರೆಯಲ್ಪಡುವ ನಿರ್ದೇಶಕ “ಚುಪ್ ರಹೋ! ಸಾವಧಾನ್!” ಎಂದು ಕೂಗುತ್ತಾನೆ. ಸಾವಿರಾರು ಜನ ಒಮ್ಮೆಗೇ ಮೌನ. ಆಗ ಪಾತ್ರಧಾರಿ ಅದೇ ಭಾಗದ ಗದ್ಯ ಸಂವಾದವನ್ನು ನುಡಿಯುತ್ತಾನೆ. ಭಾಗವತರು ಪದ್ಯ ಹೇಳಿ ನಿಲ್ಲಿಸುವುದು, ಆಮೇಲೆ ಅರ್ಥಧಾರಿ ಮಾತಾಡುವುದು, ಇದು ನಮ್ಮದೇ ಕ್ರಮವಲ್ಲವೆ! ಒಂದೂವರೆ ಸಾವಿರ ಕಿಲೋಮೀಟರಿಗೂ ದೂರದಲ್ಲಿ ಮನೆಯ ಜಗಲಿ ಕಂಡಂತಾಯಿತು.

ಈಗ ಹುಡುಗರ ವಿಷಯ. ರಾಮ, ಲಕ್ಷ್ಮಣ, ಭರತ, ಶತ್ರುಘ್ನ, ಸೀತೆ, ಈ ಐವರನ್ನು ‘ಸ್ವರೂಪ’ಗಳೆನ್ನುತ್ತಾರೆ. ಐವರೂ ಹುಡುಗರೇ, ಬ್ರಾಹ್ಮಣ ಮನೆತನದವರೇ, ಮೀಸೆ ಮೂಡದವರೇ ಆಗಿರಬೇಕು. ಲೀಲೆಗೆ ಎರಡು ಮೂರು ತಿಂಗಳು ಮೊದಲೇ ಆಯ್ಕೆ. ತಂದೆಯರು, ಗುರುಗಳು ಹುಡುಗರನ್ನು ಕರೆತರುತ್ತಾರೆ. ರೂಪ, ನಡೆ, ಅಂಗದೋಷವಿಲ್ಲದ ಮೈ ಇವೆಲ್ಲ ನೋಡುವ ವಿಷಯಗಳೇ. ಆದರೆ ಮುಖ್ಯ ಪರೀಕ್ಷೆ ದನಿಯದು. ಹುಡುಗ ಎದುರಿಗೆ ನಿಂತು ಶ್ಲೋಕವನ್ನೋ ಪಾಠವನ್ನೋ ಗಟ್ಟಿಯಾಗಿ ಹೇಳಬೇಕು. ಮಹಾರಾಜರೇ ಕೇಳಿ ಆರಿಸುತ್ತಾರೆ. ಧ್ವನಿವರ್ಧಕವಿಲ್ಲದ ಬಯಲಿನಲ್ಲಿ ಈ ಎಳೆಯ ಕಂಠ ಹಿಂದಿನ ಆನೆಯವರೆಗೂ ಮುಟ್ಟಬೇಕಷ್ಟೆ. ವಿಜ್ಞಾನ ಓದಿದ ನನಗೆ ಇದರಲ್ಲಿ ಒಂದು ಲೆಕ್ಕವೂ ಕಂಡಿತು. ಹದಿಮೂರು ಹದಿನಾಲ್ಕರ ಹೊತ್ತಿಗೆ ಹುಡುಗರ ಧ್ವನಿಪೆಟ್ಟಿಗೆ ಬೆಳೆದು, ಸ್ವರತಂತುಗಳು ಉದ್ದವಾಗಿ, ದನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ದನಿ ಒಡೆದ ದಿನ ರಾಮನ ಅಧಿಕಾರಾವಧಿ ಮುಗಿಯಿತು. ಯಾರ ಶಿಫಾರಸ್ಸೂ ನಡೆಯದ ನಿವೃತ್ತಿ ನಿಯಮ ಇದೊಂದೇ ಇರಬೇಕು!

ಆಯ್ಕೆಯಾದ ಹುಡುಗರು ಮನೆ ಬಿಟ್ಟು ಧರ್ಮಶಾಲೆಯಲ್ಲಿ ವ್ಯಾಸನ ಜೊತೆ ಇರುತ್ತಾರೆ. ಬೆಳಗಿನಿಂದ ಪಾಠ. ಊಟ, ನಿದ್ದೆ, ಆಟ ಎಲ್ಲಕ್ಕೂ ಕಟ್ಟುಪಾಡು. ಅವರನ್ನು ಕರೆಯುವುದೂ ಪಾತ್ರದ ಹೆಸರಿನಿಂದಲೇ. ಹುಡುಗ ಈ ಮೊದಲು ಏನೂ ಬಲ್ಲವನಾಗಿರಬೇಕೆಂದಿಲ್ಲ, ಯಾಕೆಂದರೆ ಮಾತುಗಳೆಲ್ಲ ಪುಸ್ತಕದಲ್ಲಿವೆ. ಆ ಸಂವಾದಗಳು ಈಶ್ವರೀ ಪ್ರಸಾದರ ಕಾಲದಲ್ಲಿ ಸಿದ್ಧವಾದವು. ಅವುಗಳ ಹಿಂದೆ ಹಿಂದಿ ಸಾಹಿತ್ಯದ ಭಾರತೇಂದು ಹರಿಶ್ಚಂದ್ರ, ರೇವಾ ಸಂಸ್ಥಾನದ ರಘುರಾಜ ಸಿಂಹ, ಕಾಷ್ಠಜಿಹ್ವ ಸ್ವಾಮಿ ಇವರ ಕೈ ಇದೆಯೆಂದು ಹೇಳುತ್ತಾರೆ. ಕಾಷ್ಠಜಿಹ್ವ ಎಂದರೆ ಮರದ ನಾಲಿಗೆಯವನು; ಸಂವಾದ ಬರೆಯುವವನಿಗೆ ಎಂಥ ಹೆಸರು! ಲೀಲೆ ನಡೆಯುವಾಗ ವ್ಯಾಸ ದಪ್ಪನೆಯ ಆ ಪುಸ್ತಕವನ್ನು ಹಿಡಿದು ಪಾತ್ರದ ಪಕ್ಕದಲ್ಲೇ ನಿಂತಿರುತ್ತಾನೆ. ಹುಡುಗ ತಡವರಿಸಿದರೆ ಎಲ್ಲರಿಗೂ ಕಾಣುವಂತೆಯೇ ಎತ್ತಿಕೊಡುತ್ತಾನೆ. ಅದನ್ನು ಯಾರೂ ಕುಂದೆಂದು ಭಾವಿಸುವುದಿಲ್ಲ. ಶತ್ರುಘ್ನನಾಗಿ ಬಂದ ಹುಡುಗ ಒಂದೆರಡು ವರ್ಷಗಳಲ್ಲಿ ದೊಡ್ಡ ಪಾತ್ರಕ್ಕೆ ಏರುವುದೂ ಉಂಟು.

ಕಿರೀಟ ಧರಿಸಿದ ಮೇಲೆ ಈ ಹುಡುಗರ ಕಾಲು ನೆಲಕ್ಕೆ ಸೋಕದಂತೆ ಜನ ಹೆಗಲ ಮೇಲೆ ಹೊರುತ್ತಾರೆ. ರಾತ್ರಿ ಆರತಿಯ ಹೊತ್ತಿಗೆ ಮುದುಕರು, ಸಾಧುಗಳು, ಹೆಂಗಸರು ಎಲ್ಲರೂ ಆ ಮಕ್ಕಳ ಮುಖ ನೋಡಲು ಒತ್ತಿಬರುತ್ತಾರೆ. ಲೀಲೆಯ ಕೊನೆಗೆ ‘ಕೋಟ್ ವಿದಾಯಿ’ ಎಂಬ ಕಲಾಪ. ಸ್ವರೂಪಗಳು ಆನೆಯೇರಿ ಕೋಟೆಗೆ ಬರುತ್ತಾರೆ. ಮಹಾರಾಜರು ಅವರ ಪಾದ ತೊಳೆದು, ಉಣಬಡಿಸಿ, ದಕ್ಷಿಣೆ ಕೊಟ್ಟು ಬೀಳ್ಕೊಡುತ್ತಾರೆ. ಅನಂತರ ಹುಡುಗ ಮತ್ತೆ ಶಾಲೆಯ ಹುಡುಗ.

ರಾಕ್ಷಸರ, ಋಷಿಗಳ, ಸೇವಕರ ಪಾತ್ರಗಳಲ್ಲಿ ವಯಸ್ಕರಿದ್ದಾರೆ. ಅಲ್ಲಿ ನಿಯಮ ಬೇರೆ. ಹಲವು ಪಾತ್ರಗಳು ವಂಶಪಾರಂಪರ್ಯವಾಗಿ ಬರುತ್ತವೆ, ರಾವಣನದಂತೂ ತಲೆಮಾರುಗಳಿಂದ ಒಂದೇ ಮನೆತನದ್ದಾಗಿತ್ತು. ಅಪ್ಪ ಬಿಟ್ಟ ಜಾಗಕ್ಕೆ ಮಗ.

ರಾಜ್ಯ ಹೋಗಿಯೂ ಈ ಆಯ್ಕೆ ನಿಲ್ಲಲಿಲ್ಲ. 1949ರಲ್ಲಿ ಬನಾರಸ್ ಸಂಸ್ಥಾನ ವಿಲೀನವಾಯಿತು. 1971ರಲ್ಲಿ ರಾಜಧನ ರದ್ದಾಯಿತು. ವಿಭೂತಿ ನಾರಾಯಣ ಸಿಂಹರು 2000ದಲ್ಲಿ ತೀರಿಕೊಂಡರು. ಮಗ ಅನಂತ ನಾರಾಯಣ ಸಿಂಹರು ಆ ಸ್ಥಾನದಲ್ಲಿ ನಿಂತರು. 2020 ಮತ್ತು 2021ರಲ್ಲಿ ಕೊರೋನಾದಿಂದ ಲೀಲೆಯೇ ನಡೆಯಲಿಲ್ಲ. ಬೇರೆ ಯಾವ ನಾಟಕ ಮಂಡಳಿಗಾದರೂ ಇದು ಮಾರಕ ಪೆಟ್ಟು, ಏಕೆಂದರೆ ಎರಡು ವರ್ಷಗಳಲ್ಲಿ ಬಲ್ಲ ಹುಡುಗರ ದನಿಯೆಲ್ಲ ಒಡೆದಿರುತ್ತದೆ. ಆದರೆ ಇಲ್ಲಿ ಬಲ್ಲವನು ಹುಡುಗನಲ್ಲ, ವ್ಯಾಸ ಮತ್ತು ಅವನ ಪುಸ್ತಕ. 2022ರಲ್ಲಿ ಲೀಲೆ ಮತ್ತೆ ನಡೆಯಿತು.

ಇಷ್ಟು ಹೊಗಳಿದ ಮೇಲೆ ನನಗೆ ಒಪ್ಪಿಗೆಯಾಗದ್ದನ್ನೂ ಹೇಳಬೇಕು. ಹುಟ್ಟು ನೋಡಿ ರಾಮನನ್ನು ಆರಿಸುವುದು ಸಣ್ಣ ಬಾಗಿಲು. ಪ್ರತಿಕೃತಿಗಳನ್ನು ಕಟ್ಟುವವರಲ್ಲಿ ಮುಸಲ್ಮಾನ ಕುಶಲಕರ್ಮಿಗಳಿದ್ದಾರೆ, ದೀಪ ಹಿಡಿಯುವವರು, ಹೊರುವವರು ಎಲ್ಲ ಜಾತಿಯವರೂ ಇದ್ದಾರೆ. ಆದರೆ ಕಿರೀಟ ಎಲ್ಲ ಮಕ್ಕಳಿಗೂ ಅಲ್ಲ. ಹೆಣ್ಣುಮಕ್ಕಳಿಗಂತೂ ಸೀತೆಯೂ ಇಲ್ಲ.

ಆ ದೃಷ್ಟಿಯಿಂದ ನಮ್ಮ ತಾಳಮದ್ದಳೆಯ ಬಾಗಿಲು ಎಷ್ಟು ಅಗಲ! ಈ ಕಲೆ ಹೊಸದೂ ಅಲ್ಲ. ಬಳ್ಳಾರಿ ಜಿಲ್ಲೆಯ ಕುರುಗೋಡು ಕಡೆಯ 1556ರ ಶಾಸನವೊಂದು ತಾಳಮದ್ದಳೆಯವರಿಗೆ ಕೊಟ್ಟ ಭೂದಾನವನ್ನು ಹೇಳುತ್ತದೆ. ವೇಷವಿಲ್ಲ, ಕುಣಿತವಿಲ್ಲ, ವಯಸ್ಸಿನ ಮಿತಿಯಿಲ್ಲ. ಮಾತೊಂದಿದ್ದರೆ ಸಾಕು. ಕಾಸರಗೋಡು ಸೀಮೆಯಲ್ಲಿ 1918ರಲ್ಲಿ ಹುಟ್ಟಿದ ಶೇಣಿ ಗೋಪಾಲಕೃಷ್ಣ ಭಟ್ಟರು ಹರಿಕಥೆಯಲ್ಲೂ ಹೆಸರಾದವರು. ಕುಂಬಳೆ ಸುಂದರ ರಾವ್ ನೇಕಾರ ಕುಟುಂಬದಿಂದ ಬಂದು, ಪ್ರಾಸಬದ್ಧ ಮಾತಿನಿಂದ ಜನಪ್ರಿಯರಾಗಿ, ಶಾಸಕರೂ ಆದರು. ಜಬ್ಬಾರ್ ಸಮೋ ಅವರು ಕೃಷ್ಣನಾಗಿ, ಕರ್ಣನಾಗಿ ಮಾತಾಡುವಾಗ ಸಭಿಕರು ಕೇಳುವುದು ಮಾತನ್ನು, ಜಾತಿಯನ್ನಲ್ಲ. ಮಹಿಳಾ ಕೂಟಗಳೂ ಇವೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಕರಾವಳಿಯ ಮನೆಗಳಲ್ಲಿ ಕೂಟಗಳು ನಡೆಯುತ್ತಿದ್ದ ಕಾಲದಲ್ಲಿ ಹೊಸಬರನ್ನು ಯಾರೂ ಹುಡುಕಬೇಕಾಗಿರಲಿಲ್ಲ. ಹುಡುಗ ಜಗಲಿಯ ಮೂಲೆಯಲ್ಲಿ ಕೇಳುತ್ತಾ ಕೂರುತ್ತಿದ್ದ. ಒಂದು ರಾತ್ರಿ ಯಾರೋ ಬರದೆ ಹೋದಾಗ “ನೀನು ದೂತನ ಅರ್ಥ ಹೇಳು” ಎಂದು ಎಳೆದು ಕೂರಿಸುತ್ತಿದ್ದರು.

ಮಹಾನಗರದಲ್ಲಿ ಜಗಲಿ ಇಲ್ಲ. ಕೇಳುತ್ತಾ ಕೂರುವ ಹುಡುಗನೂ ಇಲ್ಲ. ಬಾಗಿಲು ತೆರೆದೇ ಇದೆ, ಆದರೆ ಬಾಗಿಲಲ್ಲಿ ನಿಂತು ಕರೆಯುವವರಿಲ್ಲ. ರಾಮನಗರದಲ್ಲಿ ಕಿರಿದಾದ ಬಾಗಿಲಲ್ಲಿ ಸಾಕ್ಷಾತ್ ಮಹಾರಾಜರೇ ನಿಂತಿದ್ದಾರೆ.

ಈ ಮಾತನ್ನು ಮನೆಯಲ್ಲಿ ಹೇಳುತ್ತಿದ್ದಾಗ ಇಂಜಿನಿಯರಿಂಗ್ ಓದುವ ಮಗ, ತಾವೂ ಇಂಥದ್ದೇ ಆಡುತ್ತೇವೆ ಎಂದ. ಭಾನುವಾರ ಐದಾರು ಹುಡುಗ ಹುಡುಗಿಯರು ಮೇಜಿನ ಸುತ್ತ ಕುಳಿತು, ದಾಳ ಹಾಕುತ್ತಾ, ಒಬ್ಬ ಯೋಧನಾಗಿ ಒಬ್ಬಳು ಮಾಂತ್ರಿಕಳಾಗಿ ಮಾತಾಡುವ ಆಟ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅದರ ಮೂಲ. ಮೊದಲ ನಿಯಮ ಪುಸ್ತಕದಲ್ಲಿ ಒಬ್ಬ ಮೇಲ್ವಿಚಾರಕ, 4ರಿಂದ 50 ಆಟಗಾರರು ಎಂದಿತ್ತಂತೆ. ಐವತ್ತು! ನಮ್ಮ ವಾರ್ಷಿಕೋತ್ಸವಕ್ಕೂ ಅಷ್ಟು ಜನ ಸೇರುವುದು ಕಷ್ಟ. ಹೊಸಬರನ್ನು ಹೇಗೆ ಸೇರಿಸುತ್ತೀರಿ ಎಂದು ಕೇಳಿದೆ. “ಮೊದಲ ದಿನವೇ ಪಾತ್ರ ಕೊಡುತ್ತೇವೆ. ಸುಮ್ಮನೆ ನೋಡುತ್ತಾ ಕೂತವರು ಎರಡನೇ ವಾರ ಬರುವುದಿಲ್ಲ” ಎಂದ.

ಈ ಮಾತು ನನಗೆ ನಾಟಿತು. ಕೆಲವು ವರ್ಷಗಳ ಹಿಂದೆ ನಮ್ಮ ಕೂಟಕ್ಕೆ ಒಬ್ಬ ಯುವಕ ಬಂದಿದ್ದ. ಬ್ಯಾಂಕಿನ ನೌಕರ, ಒಳ್ಳೆಯ ಕಂಠ, ಕುಮಾರವ್ಯಾಸನನ್ನು ಓದಿಕೊಂಡಿದ್ದ. ಮೂರು ಮಳೆಗಾಲ ಅವನಿಗೆ ದೂತನ ಪಾತ್ರವೇ. ಒಮ್ಮೆ ಅಂಗದ ಸಂಧಾನದಲ್ಲಿ ಪ್ರಹಸ್ತನ ಮಾತಿಗೆ ಅವನನ್ನು ಕೂರಿಸಿದ್ದೆವು. ಅಂದು ರಾವಣನ ಅರ್ಥ ಹೇಳುತ್ತಿದ್ದವನು ನಾನೇ. ಲಹರಿ ಬಂದು ಐವತ್ತು ನಿಮಿಷ ಮಾತಾಡಿದೆ. ಸಭಾಗೃಹ ಬಿಟ್ಟುಕೊಡುವ ಹೊತ್ತಾಯಿತು, ಭಾಗವತರು ಮಂಗಳ ಹಾಡಿದರು. ಆ ಹುಡುಗ ಒಂದು ಮಾತೂ ಆಡದೆ ಎದ್ದ. ಚಪ್ಪಲಿ ಹಾಕಿಕೊಳ್ಳುವಾಗ “ಚೆನ್ನಾಗಿತ್ತು ಸಾರ್” ಎಂದ. ಮತ್ತೆ ಬರಲಿಲ್ಲ. ಅದನ್ನು ಮೊಬೈಲಿನ ಲೆಕ್ಕಕ್ಕೆ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಊರ ಕಡೆ ಕೆಲಸ ನಡೆಯದೆ ಇಲ್ಲ. ಧರ್ಮಸ್ಥಳದ ಲಲಿತಕಲಾ ಕೇಂದ್ರ, ಉಡುಪಿಯ ಯಕ್ಷಗಾನ ಕೇಂದ್ರ 1970ರ ದಶಕದಿಂದ ಶಿಷ್ಯರನ್ನು ತಯಾರಿಸಿದವು. ಉಡುಪಿಯ ಶಾಲೆಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುವ ವ್ಯವಸ್ಥೆಯೂ ಬಂದಿದೆ. ಆದರೆ ಅವೆಲ್ಲ ಹೆಚ್ಚಾಗಿ ಹೆಜ್ಜೆಯ, ಹಾಡಿನ, ಚೆಂಡೆ ಮದ್ದಳೆಯ ಶಿಕ್ಷಣ. ಎದುರಾಳಿಯ ಪ್ರಶ್ನೆಗೆ ಅಲ್ಲಿಂದಲ್ಲಿಗೆ ಉತ್ತರ ಹೊಳೆಯುವುದನ್ನು ಪುಸ್ತಕದಿಂದ ಕಲಿಸಲಾಗದು. ವಾಲಿ “ಮರೆಯಲ್ಲಿ ನಿಂತು ಯಾಕೆ ಹೊಡೆದೆ?” ಎಂದು ಕೇಳಿದಾಗ ರಾಮನಗರದ ರಾಮನಿಗೆ ಉತ್ತರ ಬರೆದಿಟ್ಟಿದೆ, ನಮ್ಮ ರಾಮ ತಾನೇ ಹುಡುಕಬೇಕು. ಹೀಗಾಗಿ ಎರಡು ತಿಂಗಳ ಧರ್ಮಶಾಲೆ ನಮಗೆ ಸಾಲದು. ಆದರೆ ಪಕ್ಕದಲ್ಲಿ ಒಬ್ಬ ವ್ಯಾಸ ನಿಂತು, ತಡವರಿಸಿದಾಗ ನಾಚಿಕೆಯಿಲ್ಲದೆ ಎತ್ತಿಕೊಡುವುದಕ್ಕೆ ಏನು ಅಡ್ಡಿ?

ಕಾರ್ಯಕಾರಿ ಸಮಿತಿಯ ಮುಂದೆ ಇದನ್ನಿಟ್ಟೆ. ಒಬ್ಬರು “ಪಾವಿತ್ರ್ಯ ಕೆಡುತ್ತದೆ” ಎಂದರು, ಉಳಿದವರು ಒಪ್ಪಿದರು. ಅದರಂತೆ ಶ್ರಾವಣದ ಮೊದಲ ಭಾನುವಾರ ಸಂಜೆ ನಾಲ್ಕಕ್ಕೆ, ಸಂಘದ ಗ್ರಂಥಾಲಯದ ಕೋಣೆಯಲ್ಲಿ, ಇಷ್ಟು ವರ್ಷ ಬಿಟ್ಟಿದ್ದ ವಾಲಿವಧೆ. ಯಾರ ಮಾತೂ ಹತ್ತು ನಿಮಿಷ ಮೀರುವಂತಿಲ್ಲ. ಗಡಿಯಾರ ನನ್ನ ಎದುರಿಗೇ ಇಡಲಾಗುವುದು. ಸುಗ್ರೀವನಾಗಿ ನಾನಿದ್ದೇನೆ. ಕನ್ನಡ ತರಗತಿಯ ವಿದ್ಯಾರ್ಥಿನಿಯೊಬ್ಬಳು ತಾರೆಯ ಅರ್ಥಕ್ಕೆ ಒಪ್ಪಿದ್ದಾಳೆ; ತಪ್ಪಿದರೆ ಹೇಳಿಕೊಡುವವರು ಯಾರು ಎಂದು ಮೊದಲೇ ಕೇಳಿಕೊಂಡಿದ್ದಾಳೆ. ವಾಲಿ, ರಾಮ ಇಬ್ಬರ ಸ್ಥಾನವೂ ಖಾಲಿ ಇವೆ. ದನಿ ಒಡೆದವರೂ ಬರಬಹುದು. ಮೊಣಕಾಲು ನೋವಿನವರಿಗೆ ಕುರ್ಚಿ ಇದೆ.